ಸಾವರಿನ್ ನಾಣ್ಯದ ಶಿಲ್ಪಿ ಬೆನೆಡೆಟ್ಟೊ ಪಿಸ್ಟ್ರುಚ್ಚಿ

ಚಿನ್ನದ ನಾಣ್ಯವನ್ನು ಸ್ವೀಕರಿಸುವ ವ್ಯಾಪಾರಿಯು ಪ್ರತಿ ಬಾರಿಯೂ ಅದನ್ನು ತೂಗಿ, ಒರೆಗೆ ಹಚ್ಚಿ ನೋಡಬೇಕಾದರೆ ವ್ಯವಹಾರ ಸಾಗದು. ತೂಕ ಹಾಗೂ ಶುದ್ಧತೆಗಳ ಬಗ್ಗೆ ಟಂಕಸಾಲೆ ನೀಡುವ ಭರವಸೆಯನ್ನು ನಾಣ್ಯದ ಮುದ್ರೆಯೇ ಸಾರಬೇಕಾಗುತ್ತದೆ. ಇಂತಹ ಮುದ್ರೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬ್ರಿಟನ್ನಿನ ‘ಸಾವರಿನ್’ ನಾಣ್ಯದ ಮೇಲೆ ಕುದುರೆಯೇರಿ ಡ್ರ್ಯಾಗನ್ನನ್ನು ಸಂಹರಿಸುತ್ತಿರುವ ಸಂತ ಜಾರ್ಜನ ಚಿತ್ರ. ಇಂಗ್ಲೆಂಡಿನ ಈ ರಕ್ಷಕ ಸಂತನನ್ನು ನಾಣ್ಯಕ್ಕಿಳಿಸಿದ ಶಿಲ್ಪಿ ಮಾತ್ರ ಆ ದೇಶದವನಲ್ಲ. ರೋಮ್ ನಗರದ ಬೆನೆಡೆಟ್ಟೊ ಪಿಸ್ಟ್ರುಚ್ಚಿ.

1783ರಲ್ಲಿ ಜನಿಸಿದ ಪಿಸ್ಟ್ರುಚ್ಚಿ ರತ್ನಶಿಲೆಗಳಲ್ಲಿ ಉಬ್ಬುಚಿತ್ರ ಕೊರೆಯುವುದರಲ್ಲಿ ನಿಷ್ಣಾತನಾಗಿದ್ದನು. 1815ರಲ್ಲಿ ಪ್ಯಾರಿಸ್ ಮಾರ್ಗವಾಗಿ ಲಂಡನ್ನಿಗೆ ಬಂದನು. ನೆಪೋಲಿಯನ್ ಯುದ್ಧಗಳ ತರುವಾಯ ಬ್ರಿಟನ್ 1816ರ ಕಾಯಿದೆಯನ್ವಯ ತನ್ನ ನಾಣ್ಯಪದ್ಧತಿಯನ್ನು ಪುನರ್ರಚಿಸಲು ತೊಡಗಿದ್ದ ಕಾಲವದು. ಟಂಕಸಾಲೆಯ ಮುಖ್ಯಸ್ಥ ವಿಲಿಯಂ ವೆಲ್ಲೆಸ್ಲಿ ಪೋಲ್ ಆತನ ಪ್ರತಿಭೆಯನ್ನು ಗುರುತಿಸಿದನು. 1817ರಲ್ಲಿ ಸಂತ ಜಾರ್ಜನ ಚಿತ್ರವುಳ್ಳ ಸಾವರಿನ್ ಹೊರಬಂದಿತು.

ನಾಣ್ಯದ ಚಿತ್ರಕ್ಕೆ ತನ್ನದೇ ಆದ ಕಟ್ಟುಪಾಡುಗಳುಂಟು. ಉಬ್ಬು ಅಂಚನ್ನು ಮೀರಿದರೆ ನಾಣ್ಯಗಳು ಒಂದರ ಮೇಲೊಂದು ನಿಲ್ಲಲಾರವು. ಚಿತ್ರವೂ ಬೇಗನೆ ಸವೆಯುತ್ತದೆ. ಸೂಕ್ಷ್ಮ ರೇಖೆಗಳೂ ಅಚ್ಚಿನ ಹೊಡೆತಕ್ಕೆ ಸ್ಪಷ್ಟವಾಗಿ ಮೂಡಬೇಕು. ನಕಲು ಮಾಡುವುದು ದುಸ್ಸಾಧ್ಯವಾಗಬೇಕು. ಸುಮಾರು 22 ಮಿಲಿಮೀಟರ್ ವ್ಯಾಸದೊಳಗೆ ಪಿಸ್ಟ್ರುಚ್ಚಿ ಇವೆಲ್ಲವನ್ನೂ ಸಾಧಿಸಿದನು.

ಆದರೆ ಅದೇ ವರ್ಷ ಮುಖ್ಯ ಕೆತ್ತನೆಗಾರ ಥಾಮಸ್ ವಯಾನ್ ನಿಧನನಾದಾಗ ಪಿಸ್ಟ್ರುಚ್ಚಿಗೆ ದೊರೆತದ್ದು ಕೆಲಸವೇ ಹೊರತು ಹುದ್ದೆಯಲ್ಲ. ವಿದೇಶೀಯನೆಂಬುದೇ ಅದಕ್ಕೆ ಅಡ್ಡಿಯಾಯಿತು. ಅನ್ಯ ಶಿಲ್ಪಿಯ ಕೃತಿಯನ್ನು ನಕಲು ಮಾಡಲು ನಿರಾಕರಿಸಿದ್ದರಿಂದ ಮೇಲಧಿಕಾರಿಗಳ ಅಸಮಾಧಾನಕ್ಕೂ ಆತ ಗುರಿಯಾದನು. 1828ರಲ್ಲಿ ಆ ಹುದ್ದೆ ವಿಲಿಯಂ ವಯಾನ್‌ಗೆ ಸಂದು, ಪಿಸ್ಟ್ರುಚ್ಚಿ ‘ಮುಖ್ಯ ಪದಕಶಿಲ್ಪಿ’ ಎನಿಸಿಕೊಂಡನು. 1819ರಲ್ಲಿ ವಹಿಸಲಾದ ವಾಟರ್ಲೂ ಪದಕದ ಅಚ್ಚುಗಳನ್ನು ಆತ ಒಪ್ಪಿಸಿದ್ದು 1849ರಲ್ಲಿ. ಆ ಬೃಹತ್ ಅಚ್ಚುಗಳು ಬಿರಿದಾವೆಂಬ ಭಯದಿಂದ ಉದ್ದೇಶಿತ ಪದಕಗಳನ್ನು ಟಂಕಿಸಲೇ ಇಲ್ಲ. 1855ರಲ್ಲಿ ಪಿಸ್ಟ್ರುಚ್ಚಿ ವಿಂಡ್ಸರ್ ಸಮೀಪದಲ್ಲಿ ಕೊನೆಯುಸಿರೆಳೆದನು.

1825ರಲ್ಲಿ ಸಾವರಿನ್‌ನಿಂದ ಮರೆಯಾದ ಸಂತ ಜಾರ್ಜನ ಚಿತ್ರ, ಶಿಲ್ಪಿಯ ಮರಣಾನಂತರ 1871ರಲ್ಲಿ ಮರಳಿ ಬಂದಿತು. 1918ರಲ್ಲಿ ಮುಂಬಯಿಯಲ್ಲಿಯೂ ಸುಮಾರು 13 ಲಕ್ಷ ಸಾವರಿನ್‌ಗಳನ್ನು ಇದೇ ಚಿತ್ರದೊಂದಿಗೆ, ‘ಐ’ ಎಂಬ ಗುರುತಿನೊಡನೆ ಟಂಕಿಸಲಾಯಿತು.

ನಮ್ಮ ಕರಾವಳಿಯ ಚಿನ್ನದ ವ್ಯಾಪಾರದಲ್ಲಿ ಕೇಳಿಬರುವ ‘ಪವನ್’ ಎಂಬ ಮಾತು ಒಂದು ಪೌಂಡ್ ಮುಖಬೆಲೆಯ ಈ ನಾಣ್ಯದ ನೆನಪೇ ಆಗಿದೆ. ಸಾವರಿನ್‌ನ ತೂಕ 7.988 ಗ್ರಾಂ, ಪವನ್ ಎಂದರೆ 8 ಗ್ರಾಂ. 22 ಕ್ಯಾರಟ್‌ನ ಸಾವರಿನ್‌ನಲ್ಲಿ ಶುದ್ಧ ಚಿನ್ನ 7.32 ಗ್ರಾಂನಷ್ಟಿರುತ್ತದೆ. ಇಲ್ಲಿ ಒಂದು ವ್ಯತ್ಯಾಸವನ್ನು ಗ್ರಾಹಕರೂ ವರ್ತಕರೂ ಗಮನಿಸಬೇಕು. ಪವನ್ ಎಂಬುದು ಇಂದು ತೂಕವನ್ನಷ್ಟೇ ಸೂಚಿಸುತ್ತದೆ. ಶುದ್ಧತೆಗೆ ‘916’ರ ಹಾಲ್‌ಮಾರ್ಕನ್ನು ಪ್ರತ್ಯೇಕವಾಗಿ ನೋಡಬೇಕು. ಸಾವರಿನ್‌ನಲ್ಲಾದರೋ ಎರಡೂ ಭರವಸೆಗಳು ಒಂದೇ ಮುದ್ರೆಯಲ್ಲಿ ಅಡಗಿದ್ದವು.

ಸಂತ ಜಾರ್ಜನ ಚಿತ್ರದ ಕೆಳಗೆ ಇಂದಿಗೂ ‘ಬಿ.ಪಿ.’ ಎಂಬ ಎರಡು ಪುಟ್ಟ ಅಕ್ಷರಗಳಿವೆ. ಹುದ್ದೆ ದೊರೆಯದ ಶಿಲ್ಪಿಯ ಹೆಸರು ಆತನ ಕೆಲಸದಿಂದಲೇ ಉಳಿದಿದೆ.