ಮಧುಮೇಹದಿಂದ ಜೋಮು ಹಿಡಿದ ಪಾದಕ್ಕೆ ಫಿಸಿಯೋಥೆರಪಿ

ಸಕ್ಕರೆ ಕಾಯಿಲೆ ಹಲವು ವರ್ಷಗಳಿಂದ ಇರುವವರಲ್ಲಿ ಪಾದ ಉರಿಯುವುದು, ಜೋಮು ಹಿಡಿಯುವುದು, ಹತ್ತಿಯ ಮೇಲೆ ನಡೆದಂತೆ ಅನ್ನಿಸುವುದು ಸಾಮಾನ್ಯ. ದೇಹದ ಅತಿ ಉದ್ದದ ನರಗಳೇ ಮೊದಲು ಹಾಳಾಗುವುದರಿಂದ ತೊಂದರೆ ಕಾಲ್ಬೆರಳಿನಿಂದ ಶುರುವಾಗಿ ಮೇಲೇರುತ್ತದೆ. ಉರಿ ಕಡಿಮೆಯಾದಾಗ ವಾಸಿಯಾಯಿತೆಂದು ಮನೆಯವರು ಸಮಾಧಾನಪಡುವುದುಂಟು. ಆದರೆ ಕೆಲವರಲ್ಲಿ ಅದು ಸ್ಪರ್ಶಜ್ಞಾನವೇ ಹೋಗಿರುವುದರ ಲಕ್ಷಣ.

ಫಿಸಿಯೋಥೆರಪಿಯಿಂದ ಹಾಳಾದ ನರ ಮೊದಲಿನಂತಾಗುತ್ತದೆ ಎಂದು ನಂಬಬಾರದು. ಉಳಿದ ಬಲದಲ್ಲೇ ಬೀಳದೆ, ಗಾಯವಾಗದೆ ನಡೆಯುವುದನ್ನು ಕಲಿಸುವುದು ಅದರ ಕೆಲಸ. ಮೊದಲು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ಎಲ್ಲಿ ಸ್ಪರ್ಶ ಉಳಿದಿದೆ ಎಂದು ನೋಡುತ್ತಾರೆ. ಬಳಿಕ ವ್ಯಾಯಾಮ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ನಿಲ್ಲುವುದು. ಮೀನಖಂಡ ಬಿಗಿದಿದ್ದರೆ ಪಾದದ ಮುಂಭಾಗಕ್ಕೆ ಹೆಚ್ಚು ಭಾರ ಬಿದ್ದು ಹುಣ್ಣಾಗುತ್ತದೆ. ಅದನ್ನು ನಿಧಾನವಾಗಿ ಎಳೆದು ಸಡಿಲಿಸಬೇಕು. ಪಾದ ನೆಲದ ಸುದ್ದಿ ಕೊಡದಿದ್ದಾಗ ಕಣ್ಣೇ ಆಸರೆ. ಆದ್ದರಿಂದ ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪವಿರಲಿ. ಹುಣ್ಣಿಲ್ಲದವರು ಸರಿಯಾದ ಪಾದರಕ್ಷೆ ಧರಿಸಿ ವಾಕಿಂಗ್ ಮಾಡಬಹುದು, ಹೆದರಬೇಕಿಲ್ಲ. ಬಿಸಿನೀರಿನ ಚೀಲ, ಬಿಸಿ ಶಾಖ ಮಾತ್ರ ಬೇಡವೇ ಬೇಡ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ಬಸದಿಗೆ ಬರಿಗಾಲಲ್ಲೇ ಹೋಗುವ ನಮ್ಮ ಕುಟುಂಬಗಳಿಗೆ ಈ ಮಾತು ಮುಖ್ಯ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು ಮಧ್ಯಾಹ್ನ ಕಾದ ಕಲ್ಲಾಗಿರುತ್ತವೆ. ಸ್ಪರ್ಶ ಕಡಿಮೆಯಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಬೆಳಗ್ಗೆ ಬೇಗ, ದಪ್ಪ ಕಾಲುಚೀಲ ಧರಿಸಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಲಿ. ಡೋಲಿಯಲ್ಲಿ ಹೋಗುವುದರಲ್ಲಿ ಸಂಕೋಚವೇನಿಲ್ಲ. ಮರಳಿದ ಮೇಲೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. ಉಪವಾಸದ ದಿನ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಮಾಡಿದರೆ ಸಕ್ಕರೆ ದಿಢೀರನೆ ಕುಸಿಯಬಹುದು. ವ್ರತಕ್ಕೆ ಮುಂಚೆಯೇ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರೊಡನೆ ಮಾತನಾಡಬೇಕು.

ನೋವಿಲ್ಲದ ಪಾದವನ್ನು ಕಾಪಾಡುವ ಈ ವಿದ್ಯೆಗೆ ವೆಲ್ಲೂರಿನ ಋಣವೂ ಇದೆ. ಅಲ್ಲಿ ಕುಷ್ಠರೋಗಿಗಳ ಶಸ್ತ್ರಚಿಕಿತ್ಸಕರಾಗಿದ್ದ ಡಾ. ಪಾಲ್ ಬ್ರ್ಯಾಂಡ್, ನೋವೇ ತಿಳಿಯದ ಕಾಲು ಹೇಗೆ ಗಾಯಗೊಳ್ಳುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಕುಷ್ಠರೋಗಿಗಳಿಗೆ ಕೊಡುತ್ತಿದ್ದ ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಇಂದು ಮಧುಮೇಹಿಗಳಿಗೂ ಸಿಗುತ್ತದೆ.

ಒಂದು ಪಾದ ಮಾತ್ರ ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ಬಿಸಿಯಾಗಿದ್ದರೆ, ನೋವಿಲ್ಲದಿದ್ದರೂ ವ್ಯಾಯಾಮ ನಿಲ್ಲಿಸಬೇಕು. ಒಳಗೆ ಮೂಳೆ ಕುಸಿಯುತ್ತಿರಬಹುದು. ಆ ಕಾಲಿನ ಮೇಲೆ ಭಾರ ಹಾಕದೆ ಅಂದೇ ವೈದ್ಯರಿಗೆ ತೋರಿಸಬೇಕು.