ಗಾಲ್ಫ್ ಆಡುವ ಬೀಗರಿಗೆ ಏನು ಕೊಡುವುದು?

ಕಳೆದ ವರ್ಷ ಅಡಿಕೆ ಸುಗ್ಗಿಯಲ್ಲಿ ಸಂಘಕ್ಕೆ ಮಾಲು ತಂದ ಸದಸ್ಯರೊಬ್ಬರು ಲೆಕ್ಕ ಚುಕ್ತಾ ಆದ ಮೇಲೂ ಏಳಲಿಲ್ಲ. ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದು ಆಮೇಲೆ ಮೆಲ್ಲನೆ ಕೇಳಿದರು: "ಸ್ವಾಮಿ, ಈ ಗಾಲ್ಫ್ ಆಡುವ ಕೋಲಿಗೆ ಎಷ್ಟಾಗುತ್ತದೆ?" ದೋಟಿಗೆ ಎಷ್ಟು, ಮೈಲುತುತ್ತಕ್ಕೆ ಎಷ್ಟು ಎಂದು ಕೇಳಿಸಿಕೊಂಡು ಅಭ್ಯಾಸವಾದ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವರ ಮಗಳ ಮಾವನವರು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು ಚಿಕ್ಕಮಗಳೂರಿನಲ್ಲಿ ನೆಲೆಸಿದ್ದಾರೆ. ಅಲ್ಲಿ ಸ್ನೇಹಿತರೊಡನೆ ಗಾಲ್ಫ್ ಕಲಿಯಲು ತೊಡಗಿ, ಈಗ ಊಟ ನಿದ್ರೆಯಲ್ಲೂ ಅದೇ ಧ್ಯಾನ. ಮುಂದಿನ ತಿಂಗಳು ಅವರ ಷಷ್ಟ್ಯಬ್ದಿ. "ಪಂಚೆ ಶಾಲು ಎಲ್ಲರೂ ಕೊಡುತ್ತಾರೆ. ಮಗಳ ಮನೆಯ ಮಾತು, ಒಂದು ಒಳ್ಳೆಯ ಕೋಲನ್ನೇ ಕೊಟ್ಟುಬಿಡೋಣ ಅಂತ. ಈ ಚೀಟಿಯ ಹಣ ಸಾಲುತ್ತದೋ ಇಲ್ಲವೋ ಹೇಳಿ" ಎಂದರು. ಆ ಹಣ ಬಾವಿಯ ಪಂಪು ರಿಪೇರಿಗೆ ಇಟ್ಟದ್ದು ಎಂಬುದು ನಮಗೆ ಗೊತ್ತಿತ್ತು.

ಅಂದು ಅವರಿಗೆ ಹೇಳಿದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಬೆಳೆಗಾರರ ಪತ್ರಿಕೆಯಲ್ಲಿ ಗಾಲ್ಫ್ ಏಕೆ ಎಂದು ಕೇಳಬಹುದು. ಈ ಆಟ ನಮ್ಮ ಸೀಮೆಗೆ ಹೊಸದೇನಲ್ಲ. ಕಲ್ಕತ್ತೆಯ ಗಾಲ್ಫ್ ಕ್ಲಬ್ 1829ರದು, ಬೆಂಗಳೂರಿನದು 1876ರದು. ಮಡಿಕೇರಿ, ಬಿಟ್ಟಂಗಾಲ, ಪೊಲಿಬೆಟ್ಟ, ಚಿಕ್ಕಮಗಳೂರು, ಹೀಗೆ ಕಾಫಿ ಇರುವ ಕಡೆಯಲ್ಲೆಲ್ಲ ಗಾಲ್ಫ್ ಮೈದಾನವೂ ಇದೆ. ನಾವು ಆಡದಿದ್ದರೇನು, ಪಕ್ಕದ ಎಸ್ಟೇಟಿನವರೋ ಅಳಿಯನೋ ಬೀಗರೋ ಆಡುತ್ತಾರೆ. ಕೊಡುವ ಸಂದರ್ಭ ಯಾವಾಗಲಾದರೂ ಬಂದೇ ಬರುತ್ತದೆ.

ಮೊದಲು ಆಟ ಎಂಥದು?

ಸಣ್ಣ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ ದೂರದ ಗುಳಿಗೆ ಬೀಳಿಸಬೇಕು. ಹೀಗೆ 18 ಗುಳಿ. ಎಲ್ಲರಿಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಚೆಂಡಿನ ಅಡ್ಡಳತೆ 42.67 ಮಿ.ಮೀ.ಗೆ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಹೆಚ್ಚುಕಡಿಮೆ ಒಂದು ದಪ್ಪ ಹಣ್ಣಡಿಕೆಯ ಗಾತ್ರ ಎನ್ನಿ. ಗುಳಿಯ ಅಗಲ 108 ಮಿ.ಮೀ.

ಕೇಳಲು ಸುಲಭ. ಆದರೆ ಇಲ್ಲಿ ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ, ಎದುರಾಳಿ ಅದನ್ನು ಮುಟ್ಟುವುದಿಲ್ಲ. ತಪ್ಪಿದರೆ ತಪ್ಪು ಪೂರ್ತಿ ನಮ್ಮದೇ. ಇದನ್ನು ಒಪ್ಪಿಕೊಳ್ಳಲು ಮನಸ್ಸು ಬಾರದ ಹವ್ಯಾಸಿ ಆಟಗಾರ ಕೋಲಿನ ಮೇಲೆ ಗೂಬೆ ಕೂರಿಸುತ್ತಾನೆ, ಹೊಸದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುತ್ತಾನೆ. ನಗಬೇಡಿ. ಹೊಸ ಸ್ಪ್ರೇಯರ್ ತಂದರೆ ಕೊಳೆ ಬಾರದು ಎಂದು ನಂಬಿದವರು ನಮ್ಮಲ್ಲೂ ಇದ್ದಾರೆ. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯದಿದ್ದರೆ ಯಾವ ಸ್ಪ್ರೇಯರ್ ಏನು ಮಾಡೀತು?

ಕೋಲು ಮಾತ್ರ ಬೇಡ

ಆದ್ದರಿಂದ ನಮ್ಮ ಮೊದಲ ಸಲಹೆ, ಕೇಳದೆ ಕೋಲು ಕೊಡಬೇಡಿ. ಬಲಗೈಯವರ ಕೋಲು ಬೇರೆ, ಎಡಗೈಯವರದು ಬೇರೆ. ಉದ್ದ, ಹಿಡಿಯ ದಪ್ಪ, ದಂಡದ ಬಾಗು ಎಲ್ಲವೂ ಆಡುವವರ ಮೈಕಟ್ಟಿಗೂ ತೋಳಿನ ವೇಗಕ್ಕೂ ಹೊಂದಬೇಕು. ಇನ್ನೊಬ್ಬರ ಕಾಲಿನ ಅಳತೆ ಊಹಿಸಿ ಚಪ್ಪಲಿ ತಂದಂತೆ ಆದೀತು. ಅದಲ್ಲದೆ ಒಂದು ಆಟದಲ್ಲಿ 14ಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ.

ಈ 15ನೆಯ ಕೋಲಿನದೇ ಒಂದು ಕಥೆ ಇದೆ. 2001ರಲ್ಲಿ ಇಂಗ್ಲೆಂಡಿನ ರಾಯಲ್ ಲಿಥಮ್ ಮೈದಾನದಲ್ಲಿ ಓಪನ್ ಪಂದ್ಯಾವಳಿ ನಡೆಯಿತು. ವೇಲ್ಸಿನ ಇಯಾನ್ ವೂಸ್ನಮ್ ಕೊನೆಯ ದಿನ ಮುಂಚೂಣಿಯಲ್ಲಿದ್ದವರ ಸಮಕ್ಕೆ ನಿಂತು ಆಟ ಆರಂಭಿಸಿದರು. ಮೊದಲ ಗುಳಿಯನ್ನು ಅಮೋಘವಾಗಿ ಮುಗಿಸಿ ಎರಡನೆಯದಕ್ಕೆ ಬಂದಾಗ ಚೀಲ ಹೊರುವ ಸಹಾಯಕ, ಅಂದರೆ ಕ್ಯಾಡಿ, ಮೆಲ್ಲನೆ ವಿಷಯ ತಿಳಿಸಿದ: ಚೀಲದಲ್ಲಿ 15 ಕೋಲುಗಳಿವೆ! ಬೆಳಿಗ್ಗೆ ಅಭ್ಯಾಸಕ್ಕೆಂದು ಎತ್ತಿಕೊಂಡಿದ್ದ ಹೆಚ್ಚಿನ ಕೋಲೊಂದು ಹಾಗೇ ಉಳಿದುಹೋಗಿತ್ತು. ದಂಡ 2 ಹೊಡೆತ. ವೂಸ್ನಮ್ ಕೊನೆಗೆ ಮೂರನೆಯ ಸ್ಥಾನವನ್ನು ಹಂಚಿಕೊಳ್ಳಬೇಕಾಯಿತು. ಹೆಚ್ಚಿನ ಕೋಲು ಉಪಕಾರವೇ ಆಗಬೇಕೆಂದಿಲ್ಲ.

ಕೈಗೆಟಕುವ ಉಡುಗೊರೆಗಳು

1. ಚೆಂಡು. ಕಲಿಯುವವರ ಚೆಂಡು ಪೊದೆ, ಹಳ್ಳ, ಕೆರೆಗಳ ಪಾಲಾಗುತ್ತಲೇ ಇರುತ್ತದೆ. ಪಳಗಿದವರು ಬಳಸುವ ಮೃದು ಹೊದಿಕೆಯ, ಮೂರು ನಾಲ್ಕು ಪದರದ ಚೆಂಡು ದುಬಾರಿ. ಎರಡು ಪದರದ ಗಟ್ಟಿ ಚೆಂಡು ಅಗ್ಗ, ಬೇಗ ಸೀಳುವುದಿಲ್ಲ, ಹೊಸಬರಿಗೆ ಅದೇ ತಕ್ಕದ್ದು. ಒಂದು ಡಜನ್ ಕೊಟ್ಟರೆ ಯಾರೂ ಬೇಡವೆನ್ನರು. ಜೊತೆಗೆ ಅಳಿಸದ ಶಾಯಿಯ ಪೆನ್ನೊಂದನ್ನು ಇಡಿ. ತಮ್ಮ ಚೆಂಡಿನ ಮೇಲೆ ಗುರುತು ಹಾಕಿಕೊಳ್ಳಬೇಕೆಂದು ನಿಯಮವೇ ಸಲಹೆ ಮಾಡುತ್ತದೆ. ಕಳೆದ ಚೆಂಡನ್ನು ಹುಡುಕಲು ಮೊದಲು 5 ನಿಮಿಷ ಇತ್ತು, 2019ರಿಂದ 3 ನಿಮಿಷ ಮಾತ್ರ.

2. ಕೈಗವಸು. ನಮ್ಮ ಬಳಗದವರೊಬ್ಬರು ಹಿಂದೆ ಸ್ನೇಹಿತರಿಗಾಗಿ ಅಂಗಡಿಗೆ ಹೋಗಿ "ಒಂದು ಜೊತೆ ಕೊಡಿ" ಎಂದಾಗ ಅಲ್ಲಿದ್ದವರೆಲ್ಲ ನಕ್ಕರಂತೆ. ಗಾಲ್ಫ್ ಕೈಗವಸನ್ನು ಸಾಮಾನ್ಯವಾಗಿ ಒಂದೇ ಕೈಗೆ ಹಾಕುತ್ತಾರೆ. ಬಲಗೈಯವರಾದರೆ ಎಡಗೈಗೆ, ಎಡಗೈಯವರಾದರೆ ಬಲಗೈಗೆ. ಅಳತೆಯನ್ನು ಮನೆಯವರಿಂದ ಗುಟ್ಟಾಗಿ ತಿಳಿದುಕೊಳ್ಳಬಹುದು.

3. ಟೀ. ಕಾಫಿ ಬೆಳೆಗಾರರು ಟೀ ಕೊಡುವುದೇ ಎಂದು ಬೇಸರಪಡಬೇಡಿ. ಇದು ಕುಡಿಯುವ ಟೀ ಅಲ್ಲ, ಮೊದಲ ಹೊಡೆತಕ್ಕೆ ಚೆಂಡನ್ನು ಎತ್ತರದಲ್ಲಿ ಕೂರಿಸುವ ಸಣ್ಣ ಗೂಟ. ಹಿಂದೆ ಒದ್ದೆ ಮರಳನ್ನು ಗುಪ್ಪೆ ಮಾಡಿ ಅದರ ಮೇಲೆ ಚೆಂಡು ಇಡುತ್ತಿದ್ದರು. ಬಾಸ್ಟನ್ ನಗರದ ದಂತವೈದ್ಯ ಜಾರ್ಜ್ ಗ್ರಾಂಟ್ 1899ರಲ್ಲಿ ಮರದ ಟೀಗೆ ಪೇಟೆಂಟ್ ಪಡೆದರು. ಮುರಿಯುತ್ತಲೇ ಇರುವ ವಸ್ತುವಾದ್ದರಿಂದ ಎಷ್ಟಿದ್ದರೂ ಬೇಕು.

4. ಕವಲು ಕಡ್ಡಿ. ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡು ಬಿದ್ದರೆ ತಗ್ಗಾಗುತ್ತದೆ. ಆ ತಗ್ಗಿನ ಅಂಚನ್ನು ಕವಲು ಕಡ್ಡಿಯಿಂದ ಒಳಕ್ಕೆ ಒತ್ತಿ ಸರಿಮಾಡಿ ಹೋಗುವುದು ಸಭ್ಯತೆ. ಜೇಬಿನಲ್ಲಿ ಹಿಡಿಯುವ ಪುಟ್ಟ ವಸ್ತು. ನೆಲ ಕಾಯುವ ಅಭ್ಯಾಸ ನಮಗಿದೆ, ಕೊಡಲು ನಾವೇ ಯೋಗ್ಯರು.

5. ಮಲೆನಾಡಿನ ಕಟ್ಟು. ಕೋಲು ಒರೆಸಲು ಒಂದು ದಪ್ಪ ಟವಲು, ಒಳ್ಳೆಯ ಕೊಡೆ, ಮಳೆಗಾಲವಾದರೆ ಇಂಬಳಕ್ಕೆ ಹಚ್ಚಲು ಸುಣ್ಣ ಹೊಗೆಸೊಪ್ಪಿನ ಡಬ್ಬಿ. ಈ ಕೊನೆಯದನ್ನು ಪೇಟೆಯ ಬೀಗರು ಮೊದಲು ನಗುತ್ತ ತೆಗೆದುಕೊಂಡಾರು, ಆಮೇಲೆ ಕೇಳಿ ತರಿಸಿಕೊಂಡಾರು. ಒಂದು ಎಚ್ಚರಿಕೆ: ಗುಡುಗು ಮಿಂಚು ಕಂಡರೆ ಬಯಲಿನಲ್ಲಿ ಕೊಡೆಯೂ ಬೇಡ, ಆಟವೂ ಬೇಡ, ಮನೆಗೆ ನಡೆಯಬೇಕು.

6. ಪಾಠ. ಕೋಲಿನ ಹಣದಲ್ಲಿ ಒಂದು ಪಾಲಿಗೆ ತರಬೇತುದಾರರಿಂದ ನಾಲ್ಕಾರು ಪಾಠ ಹೇಳಿಸಬಹುದು. ಕಾಫಿ ಗಿಡದ ಕಸಿ ಮಾಡುವುದನ್ನು ಯಾರೂ ಕತ್ತರಿ ಕೊಂಡ ಮಾತ್ರಕ್ಕೆ ಕಲಿತಿಲ್ಲ, ತಿಳಿದವರು ಪಕ್ಕದಲ್ಲಿ ನಿಂತು ತೋರಿಸಬೇಕು.

ಓದುವವರಾದರೆ

ನಾವು ಹೇಳುವ ಪುಸ್ತಕಗಳು ಇಂಗ್ಲಿಷಿನವು. ಬೀಗರು ಓದುವವರಾದರೆ ಕೋಲಿಗಿಂತ ಇವು ಹೆಚ್ಚು ದಿನ ಬಾಳುತ್ತವೆ.

ನಗುವವರಿಗೆ ಪಿ. ಜಿ. ವುಡ್‌ಹೌಸ್ ಅವರ 'ದಿ ಕ್ಲಿಕಿಂಗ್ ಆಫ್ ಕತ್‌ಬರ್ಟ್' (1922), 'ದಿ ಹಾರ್ಟ್ ಆಫ್ ಎ ಗೂಫ್' (1926). ಕ್ಲಬ್ಬಿನಲ್ಲಿ ಸದಾ ಕುಳಿತಿರುವ ಹಿರಿಯ ಸದಸ್ಯರೊಬ್ಬರು, ಕೇಳುವವರಿಗೆ ಇಷ್ಟವಿರಲಿ ಇಲ್ಲದಿರಲಿ, ಕಥೆ ಹೇಳುತ್ತ ಹೋಗುತ್ತಾರೆ. ಸಂಘದ ಜಗುಲಿಯಲ್ಲಿ ಅಂಥವರನ್ನು ಕಾಣದವರು ಯಾರು?

ಆಟ ತಿದ್ದಿಕೊಳ್ಳುವವರಿಗೆ ಬೆನ್ ಹೋಗನ್ ಅವರ 'ಫೈವ್ ಲೆಸನ್ಸ್' (1957). ಹಿಡಿತ, ನಿಲುವು, ಬೀಸು ಎಲ್ಲಕ್ಕೂ ಸೊಗಸಾದ ಚಿತ್ರಗಳಿವೆ. 1949ರಲ್ಲಿ ಹೋಗನ್ ಅವರ ಕಾರಿಗೆ ಬಸ್ಸು ಡಿಕ್ಕಿ ಹೊಡೆದು, ಮತ್ತೆ ನಡೆಯುವುದೇ ಸಂಶಯ ಎನ್ನುವಂತಾಗಿತ್ತು. ಮರುವರ್ಷವೇ ಅವರು ಅಮೆರಿಕದ ಓಪನ್ ಗೆದ್ದರು.

ನಡತೆಗೆ ಬೆಲೆ ಕೊಡುವವರಿಗೆ ಬಾಬಿ ಜೋನ್ಸ್ ಅವರ 'ಡೌನ್ ದ ಫೇರ್‌ವೇ' (1927). ಜೋನ್ಸ್ ಕೊನೆಯವರೆಗೂ ಹಣಕ್ಕಾಗಿ ಪಂದ್ಯ ಆಡದ ಹವ್ಯಾಸಿ. 1925ರ ಅಮೆರಿಕನ್ ಓಪನ್‌ನಲ್ಲಿ, ಹೊಡೆಯಲು ನಿಂತಾಗ ಚೆಂಡು ಕೊಂಚ ಅಲುಗಿತೆಂದು ತಾವೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಆ ಪಂದ್ಯ ಸಮವಾಗಿ, ಮರು ಆಟದಲ್ಲಿ ಅವರು ಸೋತರು.

ಧ್ಯಾನ, ತತ್ತ್ವಗಳ ಕಡೆ ಒಲವಿರುವವರಿಗೆ ಮೈಕೆಲ್ ಮರ್ಫಿ ಅವರ 'ಗಾಲ್ಫ್ ಇನ್ ದ ಕಿಂಗ್‌ಡಮ್' (1972) ಕಾದಂಬರಿ. ಭಾರತಕ್ಕೆ ಹೊರಟ ಯುವಕನೊಬ್ಬ ದಾರಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಇಳಿದು ವಿಚಿತ್ರ ಗುರುವಿನೊಡನೆ ಆಡುವ ಕಥೆ. ಮರ್ಫಿ ಸ್ವತಃ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಇದ್ದವರು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾರ್ವಿ ಪೆನಿಕ್ ಅವರ 'ಲಿಟಲ್ ರೆಡ್ ಬುಕ್' (1992). ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಹುಡುಗನಾಗಿದ್ದಾಗ ಚೀಲ ಹೊರುತ್ತಿದ್ದ ಪೆನಿಕ್ ಮುಂದೆ ಗಾಲ್ಫ್ ಗುರುವಾದರು. ಪಾಠ ಹೇಳುವಾಗ ಕಂಡದ್ದನ್ನೆಲ್ಲ ಕೆಂಪು ನೋಟ್‌ಬುಕ್ಕಿನಲ್ಲಿ ಹತ್ತಾರು ವರ್ಷ ಗುರುತು ಹಾಕುತ್ತ ಬಂದರು. 80 ದಾಟಿದ ಮೇಲೆ ಲೇಖಕ ಬಡ್ ಶ್ರೇಕ್ ಅವರ ನೆರವಿನಿಂದ ಅದು ಪುಸ್ತಕವಾಯಿತು. ಪ್ರಕಾಶಕರ ಮುಂಗಡದಲ್ಲಿ ಅವರ ಪಾಲು 90,000 ಡಾಲರ್ ಎಂದು ತಿಳಿಸಿದಾಗ, ಅಷ್ಟು ಹಣವನ್ನು ತಾವೇ ಕೊಡಬೇಕೇನೋ ಎಂದು ಮುದುಕರು ಚಿಂತೆಗೆ ಬಿದ್ದರಂತೆ! 1995ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಶಿಷ್ಯ ಬೆನ್ ಕ್ರೆನ್‌ಶಾ ಗುರುವಿನ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದು ಅದೇ ವಾರ ಮಾಸ್ಟರ್ಸ್ ಪಂದ್ಯಾವಳಿ ಗೆದ್ದು, ಕೊನೆಯ ಗುಳಿಯ ಬಳಿ ತಲೆ ತಗ್ಗಿಸಿ ಅತ್ತುಬಿಟ್ಟರು.

ಕೊನೆಯ ಎರಡು ಉಡುಗೊರೆ

ಪೆನಿಕ್ ಅವರ ಕಥೆ ಓದಿದ ಮೇಲೆ ನಮಗೆ ತೋರಿದ್ದು, ಬರೆಯದ ಕೆಂಪು ನೋಟ್‌ಬುಕ್ಕೇ ಒಳ್ಳೆಯ ಉಡುಗೊರೆ. ನಾವು ಮಳೆಯ ಲೆಕ್ಕ, ಹೂ ಮಳೆ ಬಿದ್ದ ದಿನ, ಔಷಧಿ ಹೊಡೆದ ದಿನ ಬರೆದಿಡುವುದಿಲ್ಲವೇ? ಹಾಗೆಯೇ ಎಲ್ಲಿ ತಪ್ಪಿತು, ಯಾವುದು ಸರಿಬಂತು ಎಂದು ದಿನವೂ ನಾಲ್ಕು ಸಾಲು ಬರೆದುಕೊಂಡವರ ಆಟ ತಾನಾಗಿ ತಿದ್ದಿಕೊಳ್ಳುತ್ತದೆ. ಬೆಲೆ ಒಂದು ಕಿಲೋ ಅಡಿಕೆಗೂ ಕಡಿಮೆ.

ಇನ್ನೊಂದಕ್ಕೆ ಹಣವೇ ಬೇಡ. ಒಂದು ಬೆಳಿಗ್ಗೆ ಜೊತೆಗೆ ಹೋಗಿ ಚೀಲ ಹೊರುವುದು. ಇದರಲ್ಲಿ ಸಣ್ಣತನವೇನೂ ಇಲ್ಲ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ ಅವರ ಚೀಲ ಹೊತ್ತವರು ಹೆತ್ತ ತಾಯಿಯೇ. ಹೋದಾಗ ಮೂರು ಮಾತು ನೆನಪಿಡಿ: ಹೊಡೆಯುವಾಗ ಅಲುಗಬೇಡಿ, ಮಾತಾಡಬೇಡಿ, ಚೆಂಡಿಗೂ ಗುಳಿಗೂ ನಡುವಿನ ದಾರಿಯನ್ನು ತುಳಿಯಬೇಡಿ. ನಾಲ್ಕನೆಯದು ನಮ್ಮದು: ಕೇಳದೆ ಸಲಹೆ ಕೊಡಬೇಡಿ.

ನಮ್ಮ ಸದಸ್ಯರು ಕೊನೆಗೆ ಒಂದು ಡಜನ್ ಚೆಂಡು, ಒಂದು ಪೆನ್ನು, ವುಡ್‌ಹೌಸ್ ಪುಸ್ತಕ, ಒಂದು ಕೆಂಪು ನೋಟ್‌ಬುಕ್ ಕೊಟ್ಟರು. ಷಷ್ಟ್ಯಬ್ದಿಯ ಮರುದಿನ ಬೆಳಿಗ್ಗೆ ತಾವೇ ಚೀಲ ಹೊತ್ತು ನಡೆದರು. ಮೊನ್ನೆ ಸಂಘಕ್ಕೆ ಬಂದಾಗ ಹೇಳಿದರು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬೀಗರು ಹೀಗೆ ಬರೆದಿದ್ದಾರಂತೆ: "9 ಗುಳಿ, 71 ಹೊಡೆತ, 4 ಚೆಂಡು ನಷ್ಟ. ಬೀಗರು ಜೊತೆಗಿದ್ದರು."

ಪಂಪೂ ರಿಪೇರಿಯಾಗಿದೆ. ಇಂಥ ಉಪಾಯ ಬೇರೆ ಸದಸ್ಯರಲ್ಲಿಯೂ ಇದ್ದರೆ ಬರೆದು ಕಳಿಸಬೇಕಾಗಿ ವಿನಂತಿ. ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.