ಹಿರಿಯಜ್ಜ ಯಾವ ಊರಿನವರು?

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಏಳುವ ಮಾತುಗಳಲ್ಲಿ ವಂಶದ ಮಾತೂ ಒಂದು. ‘ನಮ್ಮವರು ಮೂಲದಲ್ಲಿ ಎಲ್ಲಿಯವರು?’ ಎಂದು ಕಿರಿಯರು ಕೇಳುತ್ತಾರೆ; ಹಿರಿಯರು ತಮಗೆ ತಿಳಿದ ಕಥೆ ಹೇಳುತ್ತಾರೆ. ಸದಸ್ಯ ಬಾಂಧವರಲ್ಲಿ ಬಹುಮಂದಿಯ ಮನೆಯಲ್ಲಿ ಇದು ನಡೆದಿರಬೇಕು. ನಮ್ಮ ಮನೆಯಲ್ಲಿಯೂ ನಡೆಯಿತು. ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಮಗೆ ಸಿಕ್ಕಿದ್ದನ್ನೂ ಸಿಗದೆ ಹೋದದ್ದನ್ನೂ ಇಲ್ಲಿ ಒಪ್ಪಿಸುತ್ತಿದ್ದೇವೆ.

ಮೂಡಿಗೆರೆ ಸೀಮೆಯಲ್ಲಿರುವ ನಮ್ಮ ತೋಟಕ್ಕೆ ಮೊದಲ ಗುದ್ದಲಿ ಹಾಕಿದವರು ನಮ್ಮ ಹಿರಿಯಜ್ಜ, ಅಂದರೆ ಅಜ್ಜನ ಅಪ್ಪ. ಅವರ ಹಿಂದಿನವರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಕಥೆಗಳಿಗೆ ಬರವಿಲ್ಲ, ಮೂರು ಇವೆ. ತೊಂಬತ್ತರ ಹತ್ತಿರವಿರುವ ದೊಡ್ಡಪ್ಪ ಹೇಳುವಂತೆ, ಹೈದರಾಲಿ ಬಿದನೂರನ್ನು ಹಿಡಿದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ದಂಡಿನವರು ನಾವು. ಚಿಕ್ಕಪ್ಪನ ಪ್ರಕಾರ, ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಯಲುಸೀಮೆ ಬಿಟ್ಟು ಬಂದವರು. ಸೋದರತ್ತೆಯ ಕಥೆ ಬೇರೆ: ಹಿರಿಯಜ್ಜ ಹುಡುಗನಾಗಿದ್ದಾಗಲೇ ಚಾರ್ಮಾಡಿ ಘಾಟಿ ಹತ್ತಿ ದೊರೆಗಳ ತೋಟಕ್ಕೆ ಕೂಲಿಗೆ ಬಂದವರು, ಮೇಸ್ತ್ರಿಯ ಕೈಯಲ್ಲಿ ಮುಂಗಡ ಪಡೆದು ಒಂದು ತೋಟದಿಂದ ಇನ್ನೊಂದಕ್ಕೆ ಜಾರಿಕೊಂಡದ್ದರಿಂದ ತಮ್ಮ ಊರಿನ ಹೆಸರನ್ನು ಬಾಯಿ ಬಿಡಲೇ ಇಲ್ಲ.

ಮೊದಲನೆಯ ಕಥೆ ಲೆಕ್ಕಕ್ಕೆ ನಿಲ್ಲಲಿಲ್ಲ. ಬಿದನೂರು ಬಿದ್ದದ್ದು 1763ರಲ್ಲಿ. ಹಿರಿಯಜ್ಜನಿಂದ ನಮ್ಮವರೆಗೆ ನಾಲ್ಕೇ ತಲೆಮಾರು. ಎಷ್ಟು ಎಳೆದರೂ ಅವರು ಹುಟ್ಟಿದ್ದು ಅದಾದ ನೂರು ವರ್ಷದ ಮೇಲೆ. ಅವರ ಮುತ್ತಜ್ಜ ಯಾರಾದರೂ ಬಂದಿರಬಹುದೆಂದರೆ, ನಡುವಿನವರ ಒಂದು ಸಮಾಧಿಯಾಗಲಿ, ಒಂದು ಹೆಸರಾಗಲಿ ಇಲ್ಲಿಲ್ಲ.

ಉಳಿದ ಎರಡನ್ನು ತೂಗಿ ನೋಡಲು ನಮ್ಮ ಹಿರಿಯರು ಖಾನೇಸುಮಾರಿ ಎಂದು ಕರೆಯುತ್ತಿದ್ದ ಜನಗಣತಿಯ ಮೊರೆ ಹೊಕ್ಕೆವು. ಇಂಗ್ಲೆಂಡಿನಲ್ಲಿ ನೂರು ವರ್ಷ ಕಳೆದ ಗಣತಿ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1921ರದ್ದು 2022ರಲ್ಲಿ ತೆರೆಯಿತು. ಅಲ್ಲಿ ಅಜ್ಜನ ಹೆಸರು, ವಯಸ್ಸು, ಹುಟ್ಟಿದ ಊರು ಎಲ್ಲವೂ ಸಿಗುತ್ತದೆ. ಇಲ್ಲಿಯೂ ಹಾಗೆಯೇ ಇರಬಹುದೆಂದು ನಂಬಿ ಹೋದೆವು. ಇಲ್ಲಿ ಹಾಗಿಲ್ಲ. ಮನೆಮನೆಯ ಹಾಳೆಗಳಿಂದ ಮೊತ್ತ ಕೂಡಿಸಿ ವರದಿ ಅಚ್ಚು ಹಾಕುತ್ತಿದ್ದರೇ ವಿನಾ ಹಾಳೆಗಳನ್ನು ಕಾದಿಡುತ್ತಿರಲಿಲ್ಲ. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನ ಪ್ರಕಾರ ಈಚಿನ ದಾಖಲೆಗಳನ್ನೂ ಯಾರೂ ನೋಡುವಂತಿಲ್ಲ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಅವು ನಡೆಯುವುದಿಲ್ಲ.

ಆದರೂ ಹೋದದ್ದು ದಂಡವಾಗಲಿಲ್ಲ. ಹಳೆಯ ವರದಿಗಳಲ್ಲಿ ಜನರ ಹೆಸರಿಲ್ಲದಿದ್ದರೂ ಅವರು ನಡೆದ ದಾರಿ ಇದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.55 ಲಕ್ಷ, 1881ರಲ್ಲಿ 41.86 ಲಕ್ಷ. ನಡುವೆ ಬಂದ 1876-78ರ ಬರ ಮಾಡಿದ್ದು ಇದು. ಚಿಕ್ಕಪ್ಪನ ಕಥೆಯಲ್ಲಿ ಬರವಂತೂ ಸುಳ್ಳಲ್ಲ. ಮುಂದೆ, ಜನರ ಹುಟ್ಟಿದ ಜಿಲ್ಲೆ ಹೇಳುವ ಕೋಷ್ಟಕಗಳಿವೆ. ಕಡೂರು ಜಿಲ್ಲೆಯಲ್ಲಿ (1947ರವರೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಅದೇ ಹೆಸರು) ದಕ್ಷಿಣ ಕನ್ನಡದಲ್ಲಿ ಹುಟ್ಟಿದವರು ದೊಡ್ಡ ಸಂಖ್ಯೆಯಲ್ಲಿದ್ದರು. ಕಾಫಿ ತೋಟದ ಕೆಲಸವೇ ಅದಕ್ಕೆ ಕಾರಣ. ಗಣತಿ ನಡೆಯುತ್ತಿದ್ದುದು ಫೆಬ್ರವರಿ-ಮಾರ್ಚಿಯಲ್ಲಿ. ಕೆಳಗೆ ಭತ್ತದ ಕೊಯ್ಲು ಮುಗಿಸಿ ಕಾಫಿ ಕುಯ್ಲಿಗೆ ಹತ್ತಿ ಬಂದವರಲ್ಲಿ ಕೆಲವರು ಆಗ ಇನ್ನೂ ಘಟ್ಟದ ಮೇಲೆಯೇ ಇರುತ್ತಿದ್ದರು. ಅತ್ತೆ ಹೇಳಿದ ಮುಂಗಡದ ಮಾತೂ ಬರಿಯ ಕಟ್ಟುಕಥೆಯಲ್ಲ. ಮುಂಗಡ ಪಡೆದು ಕೆಲಸಕ್ಕೆ ಬಾರದ ಆಳನ್ನು ಸೆರೆಮನೆಗೆ ಕಳಿಸಬಹುದಾದ ಕಾನೂನು 1859ರಲ್ಲೇ ಬಂದಿತ್ತು. ಅಂಥ ಕಾಲದಲ್ಲಿ ಓಡಿಬಂದವನು ಊರು ಹೇಳಿಯಾನೇ?

ಇದರಿಂದ ದಾರಿ ತಿಳಿಯಿತೇ ಹೊರತು ಆ ದಾರಿಯಲ್ಲಿ ನಮ್ಮ ಹಿರಿಯಜ್ಜ ಇದ್ದರೆಂದು ಸಿದ್ಧವಾಗಲಿಲ್ಲ. ಮನೆಯಲ್ಲೇ ಹುಡುಕಿದೆವು. ಸುತ್ತಲಿನವರು ಅಡಿಕೆಯನ್ನು ಎಳೆಯದರಲ್ಲೇ ಕೊಯ್ದು, ಸುಲಿದು, ಬೇಯಿಸಿ ಕೆಂಪಡಿಕೆ ಮಾಡುತ್ತಿದ್ದಾಗ ಹಿರಿಯಜ್ಜ ಮಾತ್ರ ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಚಾಲಿ ಮಾಡುತ್ತಿದ್ದರಂತೆ. ಅದು ಘಟ್ಟದ ಕೆಳಗಿನ ಕ್ರಮ. ಮಕ್ಕಳನ್ನು ‘ಬಾಲೆ’ ಎಂದು ಕರೆಯುತ್ತಿದ್ದರಂತೆ. ತುಳುವಿನಲ್ಲಿ ಬಾಲೆ ಎಂದರೆ ಮಗು. ತೋಟದ ಮೂಲೆಯಲ್ಲಿ ಪಂಜುರ್ಲಿಯ ಕಲ್ಲಿದೆ. ಪಂಜುರ್ಲಿಯನ್ನು ನಂಬುವವರು ಘಟ್ಟದ ಮೇಲೂ ಇದ್ದಾರಾದ್ದರಿಂದ ಅದೊಂದರಿಂದಲೇ ತೀರ್ಮಾನಿಸಲಾಗದು. ತಾಲ್ಲೂಕು ಕಚೇರಿಯ ಹಳೆಯ ಪುಸ್ತಕದಲ್ಲಿ ಸರ್ವೆ ನಂಬರಿನ ಎದುರು ಹಿರಿಯಜ್ಜನ ಹೆಸರಿದೆ. ತಂದೆಯ ಹೆಸರಿನ ಜಾಗ ಖಾಲಿ. ಎಲ್ಲ ಕೂಡಿಸಿದರೆ ತಕ್ಕಡಿ ಅತ್ತೆಯ ಕಡೆಗೇ ವಾಲುತ್ತದೆ. ಊರು ಯಾವುದೆಂದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಇದನ್ನು ದೊಡ್ಡಪ್ಪನಿಗೆ ಹೇಳುವುದೇ ಕಷ್ಟವಾಯಿತು. ಬಿದನೂರಿನ ಕಥೆಯನ್ನು ಮದುವೆ ಚಪ್ಪರಗಳಲ್ಲಿ ಎಷ್ಟೋ ಸಲ ಹೇಳಿದವರು ಅವರು. ಬಹಳ ಹೊತ್ತು ಸುಮ್ಮನಿದ್ದು, ‘ಕೂಲಿಗೆ ಬಂದವರು ಅಂತ ಬರೆದುಬಿಡ್ತೀರೇನ್ರೋ?’ ಎಂದರು.

‘ಹಾಗಿರಬಹುದು ಅಂತ ಬರೀತೀವಿ ದೊಡ್ಡಪ್ಪ.’

ಎಲೆಡಿಕೆಯ ತಟ್ಟೆಯನ್ನು ಅತ್ತ ಸರಿಸಿ, ‘ಹೊಸಕ್ಕಿ ಊಟದ ದಿನ ಲೈನಿನವರಿಗೆ ಬಡಿಸದೆ ಅಜ್ಜ ಎಲೆ ಮುಂದೆ ಕೂರ್ತಿರಲಿಲ್ಲ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ’ ಎಂದರು. ಬರೆಯಬೇಡಿ ಎನ್ನಲಿಲ್ಲ.

ಸದಸ್ಯ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಮನೆಯ ಹಿರಿಯರು ಹೇಳುವುದನ್ನು, ಹೇಳಿದವರ ಹೆಸರಿನೊಂದಿಗೆ, ಇಂದೇ ಬರೆದಿಡಿ. ಒಂದಕ್ಕೊಂದು ಹೊಂದದಿದ್ದರೂ ಎಲ್ಲವನ್ನೂ ಬರೆಯಿರಿ. ಪೆಟ್ಟಿಗೆಯಲ್ಲಿರುವ ಕಂದಾಯದ ರಸೀದಿ, ಕ್ರಯಪತ್ರಗಳನ್ನು ಗೆದ್ದಲಿಗೆ ಬಿಡಬೇಡಿ. ಹಳೆಯ ವರದಿ ನೋಡುವವರು ಚಿಕ್ಕಮಗಳೂರಿಗೆ ಬದಲು ಕಡೂರು ಎಂದು ಹುಡುಕಬೇಕು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೆ ಸೇರಿದ್ದರಿಂದ ಆ ಕಡೆಯ ಲೆಕ್ಕ ಮದರಾಸಿನ ವರದಿಗಳಲ್ಲಿದೆ.

ಇನ್ನೊಂದು ಮಾತು. ಈ ಲೇಖನ ಬರೆಯುವಾಗ ನಮ್ಮ ತೋಟದ ಹಾಜರಿ ಪುಸ್ತಕವನ್ನು ತೆರೆದು ನೋಡಿದೆವು. ಈಗ ನಮ್ಮಲ್ಲಿ ಕಾಫಿ ಕುಯ್ಯುವವರು ಅಸ್ಸಾಮಿನಿಂದ ಬಂದವರು. ಒಬ್ಬೊಬ್ಬರ ಹೆಸರಿನ ಮುಂದೆಯೂ ‘ಅಸ್ಸಾಂ’ ಎಂದಷ್ಟೇ ಬರೆದಿದ್ದೆವು. ಊರಿಲ್ಲ, ತಂದೆಯ ಹೆಸರಿಲ್ಲ. ಮರುದಿನ ಬಟವಾಡೆಯ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೇಳಿ, ಅವರು ಹೇಳಿದಂತೆಯೇ ಆ ಎರಡನ್ನೂ ತುಂಬಿಸಿಕೊಂಡೆವು.